ಡೌನ್‌ಟನ್ ಆಬಿ: ಕಥೆಯ ತೂತುಗಳು ಮತ್ತು ವೀಕ್ಷಕರ ಊಹೆಗಳು

ಪೂರ್ತಿ ನೋಡದವರು ಇಲ್ಲೇ ನಿಲ್ಲಿಸುವುದು ಒಳ್ಳೆಯದು, ಮುಂದೆ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಜೂಲಿಯನ್ ಫೆಲೋಸ್ ಸೃಷ್ಟಿಸಿದ ಈ ಬ್ರಿಟಿಷ್ ಧಾರಾವಾಹಿ 2010ರಿಂದ 2015ರವರೆಗೆ ಆರು ಸೀಸನ್‌ಗಳಲ್ಲಿ ಐಟಿವಿಯಲ್ಲಿ ಪ್ರಸಾರವಾಯಿತು. ಡೌನ್‌ಟನ್ ಆಬಿ ಎಂಬ ದೊಡ್ಡ ಬಂಗಲೆಯ ಶ್ರೀಮಂತ ಕುಟುಂಬ ಮತ್ತು ಅವರ ಸೇವಕರ ಕಥೆ 1912ರಲ್ಲಿ ಟೈಟಾನಿಕ್ ಮುಳುಗಿ ಮನೆಯ ವಾರಸುದಾರ ಸತ್ತ ಸುದ್ದಿಯಿಂದ ಶುರುವಾಗಿ 1925ರ ಕೊನೆಯ ರಾತ್ರಿಗೆ ಮುಗಿಯುತ್ತದೆ. ಆಸ್ತಿ, ಮದುವೆ, ವಾರಸುದಾರಿಕೆಯ ಕಾನೂನಿನಲ್ಲಿ ಬರವಣಿಗೆ ಗಟ್ಟಿ. ಕುತೂಹಲವನ್ನು ಇನ್ನೊಂದು ಸೀಸನ್‌ಗೆ ಎಳೆಯಲು ಹೊರಟಾಗಲೇ ತೂತು ಬೀಳುತ್ತದೆ.

ದೊಡ್ಡ ತೂತು ಯಜಮಾನನ ಖಾಸಗಿ ಸೇವಕ ಬೇಟ್ಸ್‌ನ ರೈಲು ಟಿಕೆಟ್. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಅವನ ಹಳೆಯ ಕೋಟಿನ ಜೇಬಿನಲ್ಲಿ ಲಂಡನ್ ಟಿಕೆಟ್ ಮನೆಯ ಮೇಲ್ವಿಚಾರಕಿ ಮಿಸೆಸ್ ಹ್ಯೂಸ್ ಕೈಗೆ ಸಿಗುತ್ತದೆ. ಬೇಟ್ಸ್‌ನ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ ಗ್ರೀನ್ ಲಂಡನ್ನಿನಲ್ಲಿ ಸತ್ತ ದಿನ ಬೇಟ್ಸ್ ಅಲ್ಲಿದ್ದನೆಂಬುದಕ್ಕೆ ಇದೇ ಸಾಕ್ಷಿ ಎಂದು ನಂಬಿ ಮನೆಯ ಹಿರಿಯ ಮಗಳು ಮೇರಿ ಅದನ್ನು ಸುಟ್ಟುಹಾಕುತ್ತಾಳೆ. ಐದನೇ ಸೀಸನ್ನಿನಲ್ಲಿ ತಿಳಿಯುತ್ತದೆ: ಟಿಕೆಟ್ ಹರಿದಿರಲೇ ಇಲ್ಲ, ಅವನು ಪ್ರಯಾಣವನ್ನೇ ಮಾಡಿರಲಿಲ್ಲ. ಹೋಗಿದ್ದರೆ ಲಂಡನ್ ನಿಲ್ದಾಣದಲ್ಲಿ ಅದರ ಅರ್ಧವನ್ನು ಟಿಕೆಟ್ ಕಲೆಕ್ಟರ್ ತೆಗೆದುಕೊಂಡಿರುತ್ತಿದ್ದ. ಮನೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳಬಲ್ಲ ಮಿಸೆಸ್ ಹ್ಯೂಸ್‌ಗೂ ಚುರುಕು ಬುದ್ಧಿಯ ಮೇರಿಗೂ ಪೂರ್ತಿ ಟಿಕೆಟ್ ಕಣ್ಣಿಗೆ ಬೀಳಲಿಲ್ಲ ಎಂದರೆ ನಂಬುವುದು ಕಷ್ಟ. ಆ ಒಂದು ಕ್ಷಣ ನೋಡಿದ್ದರೆ ಐದನೇ ಸೀಸನ್ನಿನ ತನಿಖೆಯ ಬಹುಭಾಗವೇ ಬೇಕಿರಲಿಲ್ಲ.

ಮೇರಿಯ ತಂಗಿ ಈಡಿತ್‌ನ ಪ್ರಿಯಕರ, ಪತ್ರಿಕಾ ಸಂಪಾದಕ ಗ್ರೆಗ್‌ಸನ್‌ನದು ತಾರೀಖಿನ ಎಡವಟ್ಟು. ಅವನು ಮ್ಯೂನಿಕ್‌ಗೆ ಹೋಗುವ ಕಾರಣ ಮಾತ್ರ ಬಲು ಚೊಕ್ಕ: ಹೆಂಡತಿಯ ಬುದ್ಧಿಭ್ರಮಣೆಯ ಕಾರಣಕ್ಕೆ ವಿಚ್ಛೇದನ ಕೊಡುವ ಕಾನೂನು ಇಂಗ್ಲೆಂಡಿನಲ್ಲಿ 1937ರವರೆಗೂ ಇರಲಿಲ್ಲ, ಜರ್ಮನಿಯಲ್ಲಿ ಇತ್ತು. ಅವನು ಕಾಣೆಯಾಗುವುದು 1922ರಲ್ಲಿ, ಅದೂ ಮ್ಯೂನಿಕ್ ತಲುಪಿದ ಮೊದಲ ರಾತ್ರಿಯೇ ಗಲಾಟೆಗೆ ಸಿಕ್ಕು. ಮುಂದೆ ಸಾವಿನ ಸುದ್ದಿ ಬಂದಾಗ ಕಾರಣ ಹಿಟ್ಲರನ ಬಂಡಾಯವಂತೆ. ಆ ಬಂಡಾಯ ನಡೆದದ್ದು 1923ರ ನವೆಂಬರ್ 8 ಮತ್ತು 9ರಂದು. ನಡುವಿನ ತಿಂಗಳುಗಳಲ್ಲಿ ಅವನು ಎಲ್ಲಿದ್ದ, ಈಡಿತ್‌ಗೆ ಒಂದು ಸಾಲನ್ನಾದರೂ ಏಕೆ ಬರೆಯಲಿಲ್ಲ ಎಂಬುದಕ್ಕೆ ಉತ್ತರವಿಲ್ಲ.

ಹೊಸ ವಾರಸುದಾರ ಮ್ಯಾಥ್ಯೂಗೆ ಯುದ್ಧದಲ್ಲಿ ಆದ ಬೆನ್ನುಹುರಿಯ ಗಾಯದ ವಿಷಯವೂ ಹಾಗೇ. ಸ್ಪೈನಲ್ ಶಾಕ್ (ಪೆಟ್ಟಿನಿಂದ ಬೆನ್ನುಹುರಿ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುವುದು) ಸಾಮಾನ್ಯವಾಗಿ ದಿನಗಳಲ್ಲಿ, ವಾರಗಳಲ್ಲಿ ಇಳಿಯುವಂಥದ್ದು. ಇಲ್ಲಿ ತಿಂಗಳುಗಟ್ಟಲೆ ಉಳಿದು, ಅವನ ನಿಶ್ಚಿತ ವಧು ಲವಿನಿಯಾ ಎಡವಿದ ಗಳಿಗೆಯಲ್ಲೇ ಅವನು ಎದ್ದು ನಿಲ್ಲುತ್ತಾನೆ. ಇದೇ ಲೇಖಕ ಮೇರಿಯ ಕಿರಿಯ ತಂಗಿ ಸಿಬಿಲ್‌ನ ಹೆರಿಗೆಯ ಸಾವನ್ನು ಎಷ್ಟು ಕರಾರುವಾಕ್ಕಾಗಿ ಬರೆದಿದ್ದಾರೆ ನೋಡಿ: ಊದಿದ ಪಾದ, ಮೂತ್ರದಲ್ಲಿ ಆಲ್ಬುಮಿನ್, ತಡವರಿಸುವ ಮಾತು. ಊರಿನ ಡಾಕ್ಟರ್ ಕ್ಲಾರ್ಕ್‌ಸನ್ ಎಕ್ಲಾಂಪ್ಸಿಯಾ (ಗರ್ಭಿಣಿಯರಿಗೆ ಸೆಳವು ತರುವ ಅಪಾಯದ ಸ್ಥಿತಿ) ಎಂದು ಎಚ್ಚರಿಸಿದರೂ ದೊಡ್ಡ ವೈದ್ಯರು ಕಿವಿಗೊಡುವುದಿಲ್ಲ. ಇಡೀ ಧಾರಾವಾಹಿಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಎನಿಸಿದ ಕಂತು ಅದು.

ಊಹೆ ಮಾಡುವವರು ಹೆಚ್ಚು ಮೋಸಹೋಗುವುದು ಪ್ಯಾಟ್ರಿಕ್ ಎಳೆಯಲ್ಲಿ. ಟೈಟಾನಿಕ್‌ನಲ್ಲಿ ಸತ್ತನೆಂದುಕೊಂಡ ವಾರಸುದಾರ ನಾನೇ ಎಂದು ಸುಟ್ಟ ಮುಖದ ಕೆನಡಾ ಅಧಿಕಾರಿಯೊಬ್ಬ ಬರುತ್ತಾನೆ, 'ಪಿ. ಗಾರ್ಡನ್' ಎಂದು ಸಹಿ ಹಾಕಿದ ಚೀಟಿ ಬಿಟ್ಟು ಹೋಗುತ್ತಾನೆ. ಪ್ಯಾಟ್ರಿಕ್‌ಗೂ ಅವನ ಹಳೆಯ ಪರಿಚಯದ ಪೀಟರ್ ಗಾರ್ಡನ್‌ಗೂ ಅದೇ 'ಪಿ' ಅಕ್ಷರ, ಹಾಗಾಗಿ ಅವನು ಮರಳಿ ಬಂದೇ ಬರುತ್ತಾನೆ ಎಂಬ ಊಹೆ ಸಹಜ. ಆದರೆ ತನ್ನನ್ನು ಸಮುದ್ರದಿಂದ ಎತ್ತಿದ್ದು ಟೈಟಾನಿಕ್‌ನ ಆಫೀಸರ್ ಲೋ ಎನ್ನುತ್ತಾನಲ್ಲ, ಅಲ್ಲೇ ಅವನ ಕಥೆ ಸಡಿಲ. ಲೋ ನೀರಿನಿಂದ ಎತ್ತಿದ್ದು ಬೆರಳೆಣಿಕೆಯ ಜನರನ್ನು, ಅಷ್ಟು ಮಂದಿಯಲ್ಲಿ ಒಬ್ಬನ ಗುರುತು ತಪ್ಪುವುದು ಸುಲಭವಲ್ಲ.

ಊಹಿಸಲು ಎರಡು ದಾರಿಗಳು ಹೆಚ್ಚು ಫಲ ಕೊಡುತ್ತವೆ. ಒಂದು, ನಟರ ಒಪ್ಪಂದ. ಮೊದಲ ತಂಡದ ಒಪ್ಪಂದ ಮೂರು ಸೀಸನ್‌ಗಳದ್ದು, ಸಿಬಿಲ್ ಮತ್ತು ಮ್ಯಾಥ್ಯೂ ಸತ್ತದ್ದು ಮೂರನೆಯದರಲ್ಲೇ. ಇನ್ನೊಂದು, ಮೊದಲ ಕಂತಿನ ತಂತ್ರ: ದೂರದ ವಾರಸುದಾರ ಹಠಾತ್ತನೆ ಸಾಯುವುದು, ಯಾರೂ ಎಣಿಸದವನಿಗೆ ಪದವಿ ಬರುವುದು. ಆರನೇ ಸೀಸನ್ನಿನಲ್ಲಿ ಈಡಿತ್‌ಳನ್ನು ಪ್ರೀತಿಸುವ ಬರ್ಟಿ ಪೆಲ್ಹಮ್ ಸಾಮಾನ್ಯ ಎಸ್ಟೇಟ್ ಏಜೆಂಟ್. ಮಾರ್ಕ್ವೆಸ್ ಎಂಬ ದೊಡ್ಡ ಪದವಿಯ ಅವನ ದಾಯಾದಿ ಮೊರಾಕ್ಕೊದ ಟ್ಯಾಂಜಿಯರ್ ಊರಿನಲ್ಲಿ ಇದ್ದಾನೆ ಎಂಬ ಮಾತು ಬಂದಾಗಲೇ 1912ರ ಸುದ್ದಿಯನ್ನು ನೆನಪಿಟ್ಟವರಿಗೆ ಈಡಿತ್‌ನ ಭವಿಷ್ಯ ಕಂಡುಬಿಡುತ್ತದೆ.