ಬುಶಿ ಪಾರ್ಕಿನ ಪಾರ್ಕ್‌ರನ್: ಸೀರೆಯುಟ್ಟೇ 5 ಕಿಲೋಮೀಟರ್

ಸಕ್ಕರೆ ಕಾಯಿಲೆಗೆ ಮಾತ್ರೆ ಬರೆದ ಡಾಕ್ಟರು ನನ್ನನ್ನು ಅದೇ ಕ್ಲಿನಿಕ್ಕಿನ ಇನ್ನೊಬ್ಬ ಹುಡುಗಿಯ ಹತ್ತಿರವೂ ಕಳಿಸಿದರು. ಜನರನ್ನು ಜನರ ಜೊತೆ ಸೇರಿಸೋದೇ ಅವಳ ಕೆಲಸ. ಇಲ್ಲಿ ಅದಕ್ಕೆ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ. “ದಿನವಿಡೀ ಯಾರ ಜೊತೆ ಮಾತಾಡ್ತೀರಿ?” ಅಂದಳು. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಹಾಸನದ ತಂಗಿಗೆ ಫೋನ್ ಮಾಡೋದು ಬಿಟ್ಟರೆ ಯಾರೂ ಇಲ್ಲ ಅಂದೆ. ಅವಳು ಸೂಚಿಸಿದ್ದು ಪಾರ್ಕ್‌ರನ್, ಅಂದರೆ ಪಾರ್ಕಿನಲ್ಲಿ ಜನ ಸೇರಿ ಓಡೋದು ಇಲ್ಲವೇ ನಡೆಯೋದು.

2004ರಲ್ಲಿ ಲಂಡನ್ನಿನ ಇದೇ ಬುಶಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾಗಿದ್ದು. ಪ್ರತಿ ಶನಿವಾರ ಬೆಳಿಗ್ಗೆ 9ಕ್ಕೆ, 5 ಕಿ.ಮೀ., ಬಿಡಿಗಾಸೂ ಕೊಡಬೇಕಿಲ್ಲ. ಒಮ್ಮೆ ಹೆಸರು ನೋಂದಾಯಿಸಿ, ಆಗ ಸಿಗುವ ನಿಮ್ಮ ಬಾರ್‌ಕೋಡ್ ಮರೆಯದೆ ತನ್ನಿ; ಅದಿಲ್ಲದಿದ್ದರೆ ಸಮಯ ದಾಖಲಾಗಲ್ಲ.

ಎಲ್ಲರಿಗಿಂತ ಹಿಂದೆ ಬಿದ್ದರೆ ಅನ್ನೋದೊಂದೇ ನನ್ನ ಭಯ. ಆದರೆ ಕೊನೆಯವರಾಗಿ ನಡೆಯೋಕೆ ಅಂತಲೇ ಒಬ್ಬ ಸ್ವಯಂಸೇವಕರು ಇರ್ತಾರೆ, ನೀವೆಷ್ಟು ನಿಧಾನ ಹೋದರೂ ಅವರು ನಿಮ್ಮ ಹಿಂದೆಯೇ. ಮೊದಲ ವಾರ ಇದ್ದ ಅಜ್ಜ ಜಿಂಕೆ ತೋರಿಸುತ್ತಾ, ನನ್ನ ಇಂಗ್ಲಿಷಿಗೆ ತಾಳ್ಮೆಯಿಂದ ಕಾಯುತ್ತಾ ಜೊತೆಗೆ ಬಂದರು. ಸೀರೆ ಮೇಲೆ ಸ್ವೆಟರ್, ಕಾಲಿಗೆ ಶೂ. ಗೆರೆ ದಾಟಿದಾಗ ಗೊತ್ತೇ ಇಲ್ಲದವರು ಚಪ್ಪಾಳೆ ತಟ್ಟಿದರು, ಕಣ್ಣು ತುಂಬಿತು.

ಈಗ ಅಲ್ಲಿಗೆ ಬಸ್ಸಿನಲ್ಲೂ ಹೋಗಲ್ಲ, ಮನೆಯಿಂದ 20 ನಿಮಿಷ ನಡೆದೇ ಹೋಗ್ತೀನಿ. ಮಳೆಗಾಲ ಅಂತ ಬೇರೆ ಇಲ್ಲ ಇಲ್ಲಿ, ಕೆಸರಿಗೆ ಹಳೇ ಶೂ ಇರಲಿ. ಮೊಣಕಾಲು ನೋವಿದ್ದ ವಾರ ನಡೆಯೋ ಬದಲು ಸ್ವಯಂಸೇವಕಿಯಾಗಿ ಬೇರೆಯವರ ಬಾರ್‌ಕೋಡ್ ಸ್ಕ್ಯಾನ್ ಮಾಡೋಕೆ ನಿಂತೆ. ಈ ದೇಶಕ್ಕೆ ಬಂದ ಮೇಲೆ ನಾನು ಅತಿ ಹೆಚ್ಚು ಮಾತಾಡಿದ್ದು ಆವತ್ತೇ.