ಸ್ಪಿಟ್‌ಫೈರಾ, ಹರಿಕೇನಾ? ಮಾದರಿ ಕಟ್ಟುವವರಿಗೆ

ಎರಡನೇ ಮಹಾಯುದ್ಧದ ಒಂದೇ ಒಂದು ವಿಮಾನದ ಮಾದರಿ ಕಟ್ಟೋದಾದರೆ ಯಾವುದು, ಬ್ರಿಟನ್ನಿನ ಯುದ್ಧವಿಮಾನಗಳಾದ ಸ್ಪಿಟ್‌ಫೈರಾ, ಹರಿಕೇನಾ? ಎರಡಕ್ಕೂ ಮೊದಲು ಇದ್ದದ್ದು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ನೇ. 1940ರಲ್ಲಿ ಎರಡರ ರೆಕ್ಕೆಯಲ್ಲೂ ಸಾಮಾನ್ಯವಾಗಿ ಎಂಟು ಮೆಷಿನ್ ಗನ್. ವ್ಯತ್ಯಾಸ ಇರೋದು ಮೈಕಟ್ಟಿನಲ್ಲಿ.

ಸಿಡ್ನಿ ಕ್ಯಾಮ್ ರೂಪಿಸಿದ ಹರಿಕೇನ್ 1935ರ ನವೆಂಬರಿನಲ್ಲಿ ಮೊದಲು ಹಾರಿತು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಹಿಂಭಾಗಕ್ಕೆ ಮರದ ಪಟ್ಟಿಗಳು, ಮೇಲೆ ಬಿಗಿದ ಬಟ್ಟೆ. ಗುಂಡು ಬಟ್ಟೆಯನ್ನಷ್ಟೇ ತೂರಿ ಹೋದರೆ ತೇಪೆ ಅಂಟಿಸಿ ಮತ್ತೆ ಹಾರಿಸಬಹುದಿತ್ತು. ಚಕ್ರಗಳ ನಡುವೆ ಅಂತರ ಜಾಸ್ತಿ, ಹಾಗಾಗಿ ಒರಟು ನೆಲದಲ್ಲೂ ಇಳಿಯೋದು ಸುಲಭ. 1940ರಲ್ಲಿ ಜರ್ಮನಿಯ ವಾಯುದಾಳಿಯನ್ನು ಎದುರಿಸಿದ ಬ್ರಿಟನ್ ಕದನದಲ್ಲಿ ಹೆಚ್ಚು ಶತ್ರು ವಿಮಾನ ಉರುಳಿಸಿದ್ದೂ ಇದೇ.

ಆರ್. ಜೆ. ಮಿಚೆಲ್ ರೂಪಿಸಿದ ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚಿನಲ್ಲಿ. ಪೂರ್ತಿ ಲೋಹದ ಮೈ, ತೆಳುವಾದ ಅಂಡಾಕಾರದ ರೆಕ್ಕೆ. ಆ ಬಾಗು ತಯಾರಿಸೋಕೆ ಕಾರ್ಖಾನೆಗಳು ಒದ್ದಾಡಿದವು. ಆದರೆ ವೇಗ ಸಿಕ್ಕಿದ್ದು ಅದರಿಂದಲೇ. 1937ರಲ್ಲಿ ಮಿಚೆಲ್ ತೀರಿಕೊಂಡರು. ಅವರ ನಂತರ ಹೊಣೆ ಹೊತ್ತ ಜೋಸೆಫ್ ಸ್ಮಿತ್ ಈ ವಿಮಾನವನ್ನು ಬೆಳೆಸುತ್ತಲೇ ಹೋದರು, ಮರ್ಲಿನ್‌ಗಿಂತ ದೊಡ್ಡದಾದ ಗ್ರಿಫನ್ ಎಂಜಿನ್‌ವರೆಗೂ.

ಬೇರೆ ಬೇರೆ ಆವೃತ್ತಿಗಳನ್ನು ಸಾಲಾಗಿ ಕಟ್ಟುವ ಆಸೆ ಇದ್ದರೆ ಸ್ಪಿಟ್‌ಫೈರ್ ತಗೊಳ್ಳಿ. ಒಂದೇ ಸಾಕು ಅನ್ನೋರಿಗೆ ನನ್ನ ಮತ ಹರಿಕೇನ್‌ಗೆ. ಬಟ್ಟೆಯ ಕೆಳಗಿನ ಆ ಪಟ್ಟಿಗಳ ಗೆರೆಗೆ ಬಣ್ಣ ಹಚ್ಚೋದರಲ್ಲಿ ಸಿಗೋ ಖುಷಿಯೇ ಬೇರೆ.