ಕ್ರಿಸ್ಮಸ್ ಪ್ರೇಮಚಿತ್ರ: ಹಾಲ್‌ಮಾರ್ಕೋ, ನೆಟ್‌ಫ್ಲಿಕ್ಸೋ?

ಅಮೆರಿಕದ ಟಿವಿ ಚಾನೆಲ್ ಹಾಲ್‌ಮಾರ್ಕ್‌ನ ಚಿತ್ರ ಜಾಹೀರಾತು ಸೇರಿ 2 ಗಂಟೆ. ಕಥೆಗೆ ಸಿಗುವುದು ಸುಮಾರು 84 ನಿಮಿಷ. ಪ್ರತಿ ಬ್ರೇಕಿಗೂ ಮುಂಚೆ ಕುತೂಹಲ ಉಳಿಯಬೇಕಲ್ಲ, ಅದಕ್ಕೇ ಇನ್ನೇನು ಮುತ್ತು ಅನ್ನುವಾಗ ಯಾರೋ ಬಾಗಿಲು ತಟ್ಟುತ್ತಾರೆ. ನಿಜವಾದ ಮುತ್ತು ಸಾಮಾನ್ಯವಾಗಿ ಕೊನೆಯ ನಿಮಿಷಗಳಲ್ಲೇ. ಅಲ್ಲಿಯವರೆಗೆ ಕೆಮಿಸ್ಟ್ರಿ ನಿಲ್ಲುವುದು ಸಣ್ಣಪುಟ್ಟದರಲ್ಲಿ: ಕುಕೀ ಹಿಟ್ಟು ಲಟ್ಟಿಸುತ್ತಾ ತಟ್ಟನೆ ಕೊಡುವ ಮರುಮಾತು, ಇನ್ನೊಬ್ಬರು ಮಾತಾಡುವಾಗ ಅತ್ತಿತ್ತ ಸರಿಯದ ಕಣ್ಣು. ಶೂಟಿಂಗ್ ಎರಡು-ಮೂರು ವಾರದಲ್ಲಿ ಮುಗಿಯುತ್ತದೆ, ಎಷ್ಟೋ ಸಲ ಕೆನಡಾದ ಬೇಸಿಗೆಯಲ್ಲಿ, ಕೃತಕ ಹಿಮದ ನಡುವೆ ಉಣ್ಣೆ ಕೋಟು ತೊಟ್ಟು (ಪಾಪ!). ಜೋಡಿ ಮೊದಲೇ ಹೊಂದಿರದಿದ್ದರೆ ಸಂಭಾಷಣೆ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ.

ನೆಟ್‌ಫ್ಲಿಕ್ಸ್‌ಗೆ ಆ 2 ಗಂಟೆಯ ಸ್ಲಾಟಿನ, ಜಾಹೀರಾತು ಬ್ರೇಕಿನ ಹಂಗಿಲ್ಲ. ತಮಾಷೆ ಸ್ವಲ್ಪ ಪೋಲಿ, ಮುತ್ತೂ ಬೇಗ; ಆದರೆ ಆಮೇಲೆ ಕಾಯುವುದಕ್ಕೆ ಏನೂ ಉಳಿಯದೆ ನಡುಭಾಗ ಸಡಿಲವಾಗುವುದುಂಟು.

ಮನೆಮಂದಿಯೆಲ್ಲ ಕೂತು ನೋಡಲು ಹಾಲ್‌ಮಾರ್ಕ್ ವಾಸಿ. ಯಾವುದನ್ನೇ ಹಾಕಿ, ಮೊದಲ 20 ನಿಮಿಷದಲ್ಲಿ ಇಬ್ಬರ ಜಗಳ ನೋಡಿ ನಗು ಬರದಿದ್ದರೆ ಬದಲಾಯಿಸಿ.